ಥಾಮಸ್ ಜೆಫರ್‌ಸನ್ನನ ದ್ರಾಕ್ಷಾರಸಾನ್ವೇಷಣ

೧

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಪ್ರಕರಣವೊಂದಿದೆ. ಅಕ್ಕಿ, ಹಿಟ್ಟು, ಬೆಲ್ಲ ಮೊದಲಾದುವುಗಳಿಂದಾಗುವ ಮದ್ಯಗಳಿಗೆ ಇಷ್ಟಿಷ್ಟು ಸಂಭಾರವೆಂದು ಅಲ್ಲಿ ಅಳತೆಗಳನ್ನು ಕೊಟ್ಟಿದೆ. ಆದರೆ ದ್ರಾಕ್ಷಿಯ ರಸದಿಂದಾಗುವ ಪಾನೀಯದ ಮಾತು ಬಂದಾಗ ಗ್ರಂಥಕಾರನು ಅಳತೆಗಳನ್ನು ಬಿಟ್ಟುಬಿಡುತ್ತಾನೆ. ಅದಕ್ಕೆ 'ಮಧು'ವೆಂದು ಹೆಸರಿಟ್ಟು, ಅದರ ಭೇದಗಳನ್ನು ಅದು ಹುಟ್ಟಿದ ದೇಶದ ಹೆಸರಿನಿಂದಲೇ ತಿಳಿಯಬೇಕೆಂದು ಸೂಚಿಸಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಹೇಳಿ ಮುಗಿಸಿರುವನು. ಕಾಪಿಶಾಯನವೆಂಬ ಶಬ್ದದ ಸಾಧನೆಗಾಗಿ ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ಮಾಡಿರುವುದನ್ನು ನೋಡಿದರೆ, ಕಾಪಿಶೀ ನಗರದ ಹೆಸರಿನ ಈ ಶಬ್ದವು ಬಹು ಪ್ರಾಚೀನಕಾಲದಿಂದಲೂ ಬಳಕೆಯಲ್ಲಿದ್ದಿತೆಂಬುದು ತಿಳಿದುಬರುತ್ತದೆ. ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ಶ್ರೀ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೦೯ರಲ್ಲಿ ಅಚ್ಚಾದ ಸಂಗತಿಯು ಕನ್ನಡ ವಿದ್ವಾಂಸರಿಗೆಲ್ಲ ವಿದಿತವಾದುದೇ ಆಗಿದೆ.

ಈ ಕಿರಿಯ ಸೂಚನೆಯಲ್ಲಿ ಅಡಗಿರುವ ವಿಚಾರವು ಕಿರಿದಲ್ಲ. ಧಾನ್ಯದ ಮದ್ಯದ ಗುಣವನ್ನು ಮುಖ್ಯವಾಗಿ ಮಾಡುವವನ ಪಾಕವು ನಿರ್ಣಯಿಸುತ್ತದೆ. ದ್ರಾಕ್ಷಾರಸದ ಗುಣವನ್ನಾದರೋ ಬಹುಮಟ್ಟಿಗೆ ನೆಲ, ಬಿಸಿಲು, ಬಳ್ಳಿಯ ಜಾತಿ, ಆಯಾ ವರ್ಷದ ಮಳೆ ಇವು ನಿರ್ಣಯಿಸುತ್ತವೆ. ಆದುದರಿಂದ ಅದರ ರುಚಿಯನ್ನು ನಿಜವಾಗಿ ಅರಿಯಬೇಕೆಂಬವನು ಬಟ್ಟಲಿನ ಬಳಿಯಲ್ಲಿಯೇ ಕುಳಿತಿರಲಾರನು. ಅದು ಹುಟ್ಟಿದ ಗುಡ್ಡದ ಇಳಿಜಾರಿಗೆ ಹೋಗಿ ಮಣ್ಣನ್ನು ಮುಟ್ಟಿ ನೋಡಬೇಕಾಗುತ್ತದೆ. ಹೀಗೆ ಬಟ್ಟಲಿನಿಂದ ನೆಲಕ್ಕೆ ನಡೆದುಹೋಗಿ, ಕಂಡುದನ್ನೆಲ್ಲ ದಿನದಿನವೂ ಬರೆದಿಟ್ಟ ಹವ್ಯಾಸಿಗಳಲ್ಲಿ ಥಾಮಸ್ ಜೆಫರ್‌ಸನ್ನನು (೧೭೪೩–೧೮೨೬) ಅಗ್ರಗಣ್ಯನು. ಅಮೆರಿಕಾ ಸಂಯುಕ್ತ ಸಂಸ್ಥಾನದ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದವನೆಂದೂ ಆ ರಾಷ್ಟ್ರದ ಮೂರನೆಯ ಅಧ್ಯಕ್ಷನೆಂದೂ ಅವನು ಲೋಕಪ್ರಸಿದ್ಧನು. ದ್ರಾಕ್ಷಾರಸದ ವಿಷಯದಲ್ಲಿ ಅವನು ವರ್ತಕನೂ ಅಲ್ಲ, ಗೆದ್ದ ಬೆಳೆಗಾರನೂ ಅಲ್ಲ. ಸವಿಯುವುದರಲ್ಲಿ ಆಸಕ್ತಿಯುಳ್ಳ ಒಬ್ಬ ಗೃಹಸ್ಥನು ಮಾತ್ರ. ಆ ಆಸಕ್ತಿಯು ಹೇಗೆ ಒಂದು ಶಾಸ್ತ್ರೀಯ ಅನ್ವೇಷಣವಾಗಿ ಬೆಳೆಯಿತು, ಆ ಅನ್ವೇಷಣವು ಎಲ್ಲಿಯವರೆಗೆ ಸಾಗಿ ಎಲ್ಲಿ ನಿಂತಿತು ಎಂಬುದನ್ನು ಅವನ ಬರಹಗಳ ಆಧಾರದಿಂದಲೇ ಪರಿಶೀಲಿಸಬಹುದಾಗಿದೆ.

೨

ಜೆಫರ್‌ಸನ್ನನ ಯೌವನದಲ್ಲಿ ವರ್ಜೀನಿಯಾ ಪ್ರಾಂತವು ಬ್ರಿಟಿಷರ ವಸಾಹತಾಗಿದ್ದಿತು. ಅಲ್ಲಿನ ಜಮೀನುದಾರರ ಮನೆಗಳಲ್ಲಿ ಆಗ ವಾಡಿಕೆಯಲ್ಲಿದ್ದುವು ಮದೀರಾ ದ್ವೀಪದಿಂದಲೂ ಪೋರ್ತುಗಲ್ಲಿನಿಂದಲೂ ಬರುತ್ತಿದ್ದ, ಬ್ರಾಂದಿ ಬೆರೆಸಿ ಕಡುಪು ಮಾಡಿದ ದ್ರಾಕ್ಷಾರಸಗಳು. ಮಾಂಟಿಚೆಲ್ಲೊ ಎಂಬ ತನ್ನ ಗುಡ್ಡದ ಮೇಲೆ ಮನೆಯನ್ನು ಕಟ್ಟಿಸುತ್ತಿದ್ದ ಕಾಲದಲ್ಲಿ, ೧೭೭೩ರ ಕೊನೆಯಲ್ಲಿ, ತಸ್ಕನಿಯಿಂದ ಬಂದ ಫಿಲಿಪ್ಪೊ ಮಾತ್ಸೇಯಿ ಎಂಬವನ ಪರಿಚಯವು ಅವನಿಗಾಯಿತು. ವರ್ಜೀನಿಯಾದಲ್ಲಿ ದ್ರಾಕ್ಷಿಯನ್ನು ಬೆಳೆಸಬೇಕೆಂಬ ಉದ್ದೇಶದಿಂದಲೇ ಮಾತ್ಸೇಯಿಯು ಬಂದಿದ್ದನು. ಜೆಫರ್‌ಸನ್ನನು ತನ್ನ ಜಮೀನಿಗೆ ಹೊಂದಿಕೊಂಡ ಭೂಮಿಯನ್ನು ಅವನಿಗೆ ಬಿಟ್ಟುಕೊಟ್ಟು ನೆರೆಯವನನ್ನಾಗಿ ಮಾಡಿಕೊಂಡನು. ೧೭೭೪ರ ಮೇ ತಿಂಗಳಿನಲ್ಲಿ ಅಕಾಲದ ಹಿಮವು ಬಿದ್ದು ಎಳೆಯ ಚಿಗುರುಗಳು ಸುಟ್ಟುಹೋದುವು. ಆಮೇಲೆ ಸ್ವಾತಂತ್ರ್ಯಯುದ್ಧವು ಬಂದಿತು. ೧೭೭೯ರಲ್ಲಿ ಮಾತ್ಸೇಯಿಯು ತನ್ನ ಮನೆಯನ್ನು ಸೆರೆಸಿಕ್ಕಿದ್ದ ಒಬ್ಬ ಜರ್ಮನ್ ಸೇನಾನಿಗೆ ಬಾಡಿಗೆಗೆ ಕೊಟ್ಟು ಯೂರೋಪಿಗೆ ಹೊರಟುಹೋಗಲಾಗಿ, ಆ ಸೇನಾನಿಯ ಕುದುರೆಗಳು ಉಳಿದ ಬಳ್ಳಿಗಳನ್ನೂ ತುಳಿದು ಹಾಳುಮಾಡಿದುವು. ಜೆಫರ್‌ಸನ್ನನ ಮೊದಲನೆಯ ಪಾಠವು ಹೀಗೆ ಸೋಲಿನಿಂದಲೇ ಆರಂಭವಾಯಿತು.

೧೭೮೪ರಲ್ಲಿ ಅವನು ಫ್ರಾನ್ಸಿಗೆ ಬಂದನು. ಮರುವರ್ಷ ಬೆಂಜಮಿನ್ ಫ್ರಾಂಕ್ಲಿನ್ನನ ಸ್ಥಾನದಲ್ಲಿ ತನ್ನ ರಾಷ್ಟ್ರದ ಪ್ರತಿನಿಧಿಯಾಗಿ ನಿಯಮಿತನಾದನು. ಪ್ಯಾರಿಸಿನ ಭೋಜನಕೂಟಗಳಲ್ಲಿ ದೊರೆತ ದ್ರಾಕ್ಷಾರಸಗಳು ಅವನಿಗೆ ಹೊಸ ಲೋಕವನ್ನೇ ತೆರೆದುವು. ಆದರೆ ಅವು ಎಲ್ಲಿಂದ ಬಂದುವು, ಒಂದಕ್ಕೂ ಇನ್ನೊಂದಕ್ಕೂ ಭೇದವೇಕೆ ಎಂಬುದು ಊಟದ ಮೇಜಿನ ಮೇಲೆ ತಿಳಿಯುವಂತಿರಲಿಲ್ಲ. ೧೭೮೬ರ ಸೆಪ್ಟೆಂಬರಿನಲ್ಲಿ ಅವನ ಬಲಗೈಯ ಮಣಿಕಟ್ಟು ಕೀಲು ತಪ್ಪಿತು. ದಕ್ಷಿಣದ ಏಕ್ಸ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನಮಾಡಿದರೆ ಗುಣವಾದೀತೆಂದು ವೈದ್ಯರು ಹೇಳಿದರು. ೧೭೮೭ರ ಫೆಬ್ರವರಿ ೨೮ರಂದು ಅವನು ಪರಿವಾರವನ್ನು ಪ್ಯಾರಿಸಿನಲ್ಲಿಯೇ ಬಿಟ್ಟು, ರಾಯಭಾರಿಯ ಆಡಂಬರವಿಲ್ಲದೆ ಸಾಮಾನ್ಯ ಪ್ರಯಾಣಿಕನಂತೆ ತನ್ನ ಸ್ವಂತ ಖರ್ಚಿನಿಂದ ಹೊರಟನು. ಬುಗ್ಗೆಗಳ ನೀರು ಕೈಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಆದರೆ ಬರ್ಗಂಡಿ, ರೋನ್ ಕಣಿವೆ, ಪ್ರೊವಾನ್ಸ್, ಆಲ್ಪ್ಸ್ ಪರ್ವತಗಳಾಚೆಯ ಪೀಡ್ಮಾಂಟ್, ಲಾಂಗ್‌ಡಾಕ್, ಬೋರ್ಡೋ ಇವನ್ನೆಲ್ಲ ಸುತ್ತಿಕೊಂಡು ಜೂನ್ ೧೦ರಂದು ಪ್ಯಾರಿಸಿಗೆ ಹಿಂದಿರುಗುವ ವೇಳೆಗೆ ಅವನ ಬಳಿ ಬೆಲೆಯುಳ್ಳ ಒಂದು ಟಿಪ್ಪಣಿಯ ಪುಸ್ತಕವು ಸಿದ್ಧವಾಗಿದ್ದಿತು.

೩

ಮಾರ್ಚ್ ತಿಂಗಳ ಮೊದಲಿನಲ್ಲಿ ಅವನು ಬರ್ಗಂಡಿಯನ್ನು ಸೇರಿದನು. ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಚಾಚಿಕೊಂಡಿರುವ ಗುಡ್ಡಗಳ ಸಾಲಿನ ಪೂರ್ವದ ಇಳಿಜಾರಿನಲ್ಲಿ ಆ ಸೀಮೆಯ ಹೆಸರುವಾಸಿಯಾದ ತೋಟಗಳಿವೆ. ಜೆಫರ್‌ಸನ್ನನು ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ, ಮಣ್ಣಿನ ಬಣ್ಣವೇನು, ಕಲ್ಲು ಎಷ್ಟು, ಯಾವ ತೋಟದ ರಸಕ್ಕೆ ಏನು ಬೆಲೆ ಎಂಬುದನ್ನೆಲ್ಲ ಬರೆದುಕೊಂಡನು. ಬೋನ್ ಪಟ್ಟಣದಲ್ಲಿ ಅವನಿಗೆ ಮಾರ್ಗದರ್ಶಕನಾಗಿ ದೊರೆತವನು ಎತಿಯೆನ್ ಪಾರಾಂ ಎಂಬ ಪೀಪಾಯಿ ಮಾಡುವ ಕಸಬಿನವನು. ಶ್ರೀಮಂತರ ಪರಿಚಯಪತ್ರಗಳಿಗಿಂತಲೂ ಈ ಕುಶಲಕರ್ಮಿಯ ತಿಳಿವಳಿಕೆಯು ಅವನಿಗೆ ಹೆಚ್ಚು ಉಪಯೋಗಕ್ಕೆ ಬಂದಿತು. ಪ್ಯಾರಿಸಿಗೆ ಹಿಂದಿರುಗಿದ ಮೇಲೂ ಬರ್ಗಂಡಿಯ ರಸಗಳನ್ನು ಅವನು ಪಾರಾಂನ ಮೂಲಕವೇ ತರಿಸಿಕೊಳ್ಳುತ್ತಿದ್ದನು.

ಅಲ್ಲಿ ಬರೆದ ಟಿಪ್ಪಣಿಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹವಾಗಿದೆ. ಪೊಮ್ಮಾರ್, ವೋಲ್ನೇ ಎಂಬ ಹಳ್ಳಿಗಳಲ್ಲಿ ಕೂಲಿಗಾರರು ಒಳ್ಳೆಯ ಗೋಧಿಯ ರೊಟ್ಟಿಯನ್ನು ತಿನ್ನುತ್ತಿದ್ದರು. ಪಕ್ಕದಲ್ಲಿಯೇ ಇರುವ ಮರ್ಸೋ ಎಂಬ ಹಳ್ಳಿಯಲ್ಲಿ ಅವರ ಪಾಲಿಗಿದ್ದುದು ರೈ ಎಂಬ ಅಗ್ಗದ ಧಾನ್ಯದ ರೊಟ್ಟಿ. ಒಂದೇ ಗುಡ್ಡ, ಒಂದೇ ಕೆಲಸ, ಒಂದೇ ಬಿಸಿಲು. ರೊಟ್ಟಿ ಮಾತ್ರ ಬೇರೆ. ಕಾರಣವೇನೆಂದು ಅವನು ವಿಚಾರಿಸಿದನು. ಮರ್ಸೋವಿನ ನೆಲದಲ್ಲಿ ಕಲ್ಲು ಹೆಚ್ಚಾಗಿರುವುದರಿಂದ ಅಲ್ಲಿ ಬಿಳಿಯ ದ್ರಾಕ್ಷಾರಸವನ್ನು ಮಾತ್ರ ಮಾಡುತ್ತಾರೆ. ಬಿಳಿಯದು ಕೆಂಪಿನದಕ್ಕಿಂತ ಹೆಚ್ಚು ಬಾರಿ ಕೈಕೊಡುತ್ತದೆ, ಮಾರಾಟವಾಗದೆ ಉಳಿಯುವುದೂ ಉಂಟು. ಆದುದರಿಂದ ಆ ತೋಟದವನಿಗೆ ತನ್ನ ಆಳುಗಳಿಗೆ ಒಳ್ಳೆಯ ರೊಟ್ಟಿಯನ್ನು ಕೊಡುವ ಶಕ್ತಿಯಿಲ್ಲವೆಂದು ತಿಳಿದುಬಂದಿತು. ಇಷ್ಟು ಅಲ್ಪವಾದ ಸಂಗತಿಯ ಮೇಲೆ ಮನುಷ್ಯನ ಸ್ಥಿತಿಯು ನಿಂತಿರುವುದಲ್ಲಾ ಎಂಬ ಆಶ್ಚರ್ಯವನ್ನು ಅವನು ಅಲ್ಲಿಯೇ ಸೂಚಿಸಿರುವನು. ಅದೇ ಮರ್ಸೋವಿನ 'ಚಿನ್ನದ ಹನಿ' ಎಂಬರ್ಥದ ಹೆಸರಿನ ತೋಟದ ಬಿಳಿಯ ರಸವು ಮುಂದೆ ಅವನ ಮೇಜಿನ ಮೇಲೆ ಮೆಚ್ಚಿನ ಪಾನೀಯವಾಯಿತು. ರುಚಿಯಿಂದ ನೆಲಕ್ಕೆ, ನೆಲದಿಂದ ಬೆಲೆಗೆ, ಬೆಲೆಯಿಂದ ದುಡಿಯುವವನ ಊಟಕ್ಕೆ ಹೋಗುವ ಈ ದೃಷ್ಟಿಯು ಸಾಮಾನ್ಯ ಭೋಗಿಯದಲ್ಲ.

ಹೆಸರಿಗೂ ಗುಣಕ್ಕೂ ಇರುವ ಸಂಬಂಧವನ್ನು ಕೂಡ ಅವನು ಸಂದೇಹದಿಂದಲೇ ನೋಡಿದನು. ಕೆಂಪಿನಲ್ಲಿ ಶಾಂಬರ್ತಾಂ, ಬಿಳಿಯದರಲ್ಲಿ ಮೋಂರಾಶೇ ಇವೆರಡೂ ಒಂದೇ ಬೆಲೆಗೆ, ಸೀಸೆಯೊಂದಕ್ಕೆ ೪೮ ಸೂ ಎಂಬ ಫ್ರೆಂಚ್ ನಾಣ್ಯಗಳಿಗೆ, ಮಾರಾಟವಾಗುತ್ತಿದ್ದುವು. ವೋಲ್ನೇ ರುಚಿಯಲ್ಲಿ ಶಾಂಬರ್ತಾಂಗೆ ಸಮನಾಗಿದ್ದರೂ ತೆಳುವಾದುದಾದ ಕಾರಣ ಬಹುಕಾಲ ನಿಲ್ಲದೆಂದು ಅದಕ್ಕೆ ಕಾಲುಭಾಗದ ಬೆಲೆ, ಎಂದರೆ ೧೨ ಸೂ ಮಾತ್ರ. ಹೆಸರಾದ ತೋಟಗಳ ಪಕ್ಕದ ತುಂಡು ಭೂಮಿಗಳಲ್ಲಿಯೂ ಅದೇ ಗುಣದ ರಸವಾಗುವುದೆಂದೂ, ಒಡೆಯರು ಅಪ್ರಸಿದ್ಧರಾದುದರಿಂದ ಅದಕ್ಕೆ ಹೆಸರು ಬಂದಿಲ್ಲವೆಂದೂ ಜನರು ಹೇಳಿದ ಮಾತನ್ನು ಅವನು ಬರೆದುಕೊಂಡಿರುವನು.

ರೋನ್ ನದಿಯ ದಡದ ತ್ಯಾಂ ಎಂಬ ಊರಿನಲ್ಲಿ ಅವನು ಏರ್ಮಿತಾಜ್ ಗುಡ್ಡವನ್ನು ಹತ್ತಿ ನೋಡಿದನು. ಅಲ್ಲಿನ ಬಿಳಿಯ ರಸವನ್ನು ಮುಂದೆ ಜಗತ್ತಿನಲ್ಲಿಯೇ ಶ್ರೇಷ್ಠವೆಂದು ಹೊಗಳಿದನು. ಹೇಸರಗತ್ತೆಯ ಮೇಲೆ ಆಲ್ಪ್ಸ್ ಪರ್ವತವನ್ನು ದಾಟಿ ತೂರಿನ್ ಪಟ್ಟಣಕ್ಕೆ ಹೋದಾಗ ನೆಬ್ಬಿಯೋಲೊ ಎಂಬ ಹೊಸ ರಸವು ಅವನಿಗೆ ಸಿಕ್ಕಿತು. ಅದರ ರುಚಿಯನ್ನು ವರ್ಣಿಸಲು ಅವನು ವಿಶೇಷಣಗಳನ್ನು ಹುಡುಕಲಿಲ್ಲ. ಸಿಹಿಯಲ್ಲಿ ನುಣುಪಾದ ಮದೀರಾದಷ್ಟು, ಒಗರಿನಲ್ಲಿ ಬೋರ್ಡೋವಿನಷ್ಟು, ಚುರುಕಿನಲ್ಲಿ ಶಾಂಪೇನಿನಷ್ಟು ಎಂದು ಗೊತ್ತಿರುವ ಮೂರರಿಂದ ಗೊತ್ತಿಲ್ಲದ ಒಂದನ್ನು ಅಳೆದು ತೋರಿಸಿದನು. ೧೮೧೯ರಲ್ಲಿ ಮಾರ್ಸೇ ಪಟ್ಟಣದಲ್ಲಿದ್ದ ಅಮೆರಿಕಾದ ಪ್ರತಿನಿಧಿಗೆ ಬರೆದ ಪತ್ರದಲ್ಲಿ ಈ ಕ್ರಮವನ್ನೇ ಅವನು ವಿಸ್ತರಿಸಿರುವನು. ಸಿಹಿ, ಹುಳಿ, ಇವೆರಡೂ ಇಲ್ಲದ ಒಣರುಚಿ, ಒಣರುಚಿಗೆ ನಾಲಗೆಗೆ ತಿಳಿದೂ ತಿಳಿಯದಷ್ಟು ಸಿಹಿ ಬೆರೆತ ನುಣುಪು, ಒಗರು ಎಂದು ವಿಭಾಗಿಸಿ, ಹಲವಕ್ಕೆ ಪ್ರಸಿದ್ಧವಾದ ರಸಗಳ ಹೆಸರುಗಳನ್ನೇ ಉದಾಹರಣೆಯಾಗಿ ಕೊಟ್ಟನು. ರುಚಿಯನ್ನು ಹೇಳುವ ಮಾತುಗಳು ಒಬ್ಬೊಬ್ಬರಲ್ಲಿ ಒಂದೊಂದು ಅರ್ಥವನ್ನು ಹೊಂದುವುದರಿಂದ ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ಅವನ ಆಶಯ. ಕಾವ್ಯದ ರಸವನ್ನು ವಿವರಿಸಲು ಭರತಮುನಿಯು ಭೋಜನದ ದೃಷ್ಟಾಂತವನ್ನೇ ಹಿಡಿದನು. ಆ ಪರಂಪರೆಯನ್ನು ಬಲ್ಲವರಿಗೆ ನಾಲಗೆಯ ಅನುಭವವನ್ನು ಪರಭಾವಗಮ್ಯವಾಗಿ ಹೇಳುವ ಕಷ್ಟವು ಹೊಸದೇನೂ ಅಲ್ಲ.

ತೂರಿನ್ನಿಗೆ ಹೊರಡುವ ಮುಂಚೆ, ಏಪ್ರಿಲ್ ೧೧ರಂದು, ನೀಸ್ ಪಟ್ಟಣದಿಂದ ಅವನು ತನ್ನ ಸ್ನೇಹಿತನಾದ ಲಾಫಯೆತ್ತನಿಗೆ ಒಂದು ಪತ್ರವನ್ನು ಬರೆದನು. ಲಾಫಯೆತ್ತನೂ ತನ್ನ ದೇಶವನ್ನು ಹೀಗೆಯೇ ಗುರುತು ತೋರಿಸಿಕೊಳ್ಳದೆ ಸುತ್ತಬೇಕು. ಬಡವರ ಗುಡಿಸಲುಗಳಿಗೆ ನುಗ್ಗಿ ಅವರ ಮಡಕೆಯಲ್ಲಿ ಏನು ಬೇಯುತ್ತಿದೆಯೆಂದು ಇಣಿಕಿ ನೋಡಬೇಕು. ಅವರ ರೊಟ್ಟಿಯನ್ನು ತಿನ್ನಬೇಕು. ದಣಿವಾರಿಸಿಕೊಳ್ಳುವ ನೆವದಿಂದ ಅವರ ಹಾಸಿಗೆಯ ಮೇಲೆ ಮಲಗಿ ಅದು ಮೆತ್ತಗಿದೆಯೋ ಇಲ್ಲವೋ ಎಂದು ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಫ್ರಾನ್ಸಿನ ಮಹಾಕ್ರಾಂತಿಗೆ ಆಗ ಎರಡು ವರ್ಷಗಳು ಮಾತ್ರ ಉಳಿದಿದ್ದುವು.

೪

ಮೇ ತಿಂಗಳಿನಲ್ಲಿ ಅವನು ತನ್ನ ಗಾಡಿಯ ಚಕ್ರಗಳನ್ನು ಕಳಚಿಸಿ ಗಾಡಿಯನ್ನು ದೋಣಿಯ ಮೇಲೆ ಇರಿಸಿಕೊಂಡು ಲಾಂಗ್‌ಡಾಕ್ ಕಾಲುವೆಯ ಮೂಲಕ ತುಲೂಸ್‌ವರೆಗೆ ಬಂದನು. ಅಲ್ಲಿಂದ ಬೋರ್ಡೋವಿಗೆ ಹೋಗಿ ಮೇ ೨೪ರಿಂದ ಕೆಲವು ದಿನ ಅಲ್ಲಿ ನಿಂತನು. ಕೆಂಪು ರಸಗಳಲ್ಲಿ ಮೊದಲನೆಯ ದರ್ಜೆಯವು ನಾಲ್ಕೆಂದು ಅವನು ಪಟ್ಟಿಮಾಡಿರುವನು. ಸಾವಿರ ಸೀಸೆಗಳಿಗೆ ಒಂದು 'ತೊನ್ನೋ' ಎಂದು ಎಣಿಸಿ, ವರ್ಷದ ಉತ್ಪತ್ತಿಯು ಮಾರ್ಗೋ ತೋಟದಲ್ಲಿ ೧೫೦, ಲಾತೂರಿನಲ್ಲಿ ೧೨೫, ಓಬ್ರಿಯಾಂನಲ್ಲಿ ೭೫, ಲಾಫಿತ್‌ನಲ್ಲಿ ೧೭೫ ತೊನ್ನೋಗಳೆಂದು ಬರೆದು, ಎರಡನೆಯ ಮತ್ತು ಮೂರನೆಯ ದರ್ಜೆಯ ತೋಟಗಳನ್ನೂ ಹೆಸರಿಸಿರುವನು. ೧೮೫೫ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನಕ್ಕಾಗಿ ಬೋರ್ಡೋವಿನ ದಲ್ಲಾಳಿಗಳು ಅಧಿಕೃತವಾದ ದರ್ಜೆಪಟ್ಟಿಯನ್ನು ಸಿದ್ಧಪಡಿಸಿದಾಗ ಕೆಂಪಿನ ಮೊದಲನೆಯ ದರ್ಜೆಯಲ್ಲಿ ನಿಂತುವು ಈ ನಾಲ್ಕೇ. ಇದರಿಂದ ಜೆಫರ್‌ಸನ್ನನು ಅರುವತ್ತೆಂಟು ವರ್ಷಗಳ ಮುಂಚೆಯೇ ಭವಿಷ್ಯವನ್ನು ನುಡಿದನೆಂದು ಕೆಲವರು ಹೇಳುವುದುಂಟು. ಆದರೆ ಅದು ಸರಿಯಾದ ಗ್ರಹಿಕೆಯಲ್ಲ. ಬೆಲೆಯನ್ನು ಅನುಸರಿಸಿದ ಇಂತಹ ತಾರತಮ್ಯವು ಆಗಲೇ ವ್ಯಾಪಾರಿಗಳಲ್ಲಿ ರೂಢಿಯಾಗಿದ್ದಿತು. ಕೇಳಿದುದನ್ನು ಸ್ಥಳದಲ್ಲಿಯೇ ವಿಚಾರಿಸಿ, ಅಂಕಿಗಳ ಸಮೇತ ಬರೆದಿಟ್ಟುದು ಅವನ ಹಿರಿಮೆ.

೧೭೮೮ರ ವಸಂತದಲ್ಲಿ ರಾಜಕಾರ್ಯಕ್ಕಾಗಿ ಆಮ್‌ಸ್ಟರ್‌ಡಾಮಿಗೆ ಹೋದವನು ರೈನ್ ನದಿಯ ದಾರಿಯಿಂದ ಹಿಂದಿರುಗಿದನು. ರೂಡೆಸ್‌ಹೈಮ್, ಯೊಹಾನ್ನಿಸ್‌ಬರ್ಗ್, ಹೊಖ್‌ಹೈಮ್ ತೋಟಗಳನ್ನು ನೋಡಿಕೊಂಡು, ಶಾಂಪೇನ್ ಪ್ರಾಂತದಲ್ಲಿ ನೊರೆಯೇಳುವ ರಸವನ್ನೂ ನೊರೆಯಿಲ್ಲದ ರಸವನ್ನೂ ಹೋಲಿಸಿ ನೋಡಿದನು. ನೊರೆಯಿಲ್ಲದುದೇ ಅವನಿಗೆ ಹೆಚ್ಚು ಒಪ್ಪಿಗೆಯಾಯಿತು. ಹೊಖ್‌ಹೈಮ್ ಮತ್ತು ರೂಡೆಸ್‌ಹೈಮ್‌ಗಳಿಂದ ತಂದ ಬಳ್ಳಿಯ ಕಡ್ಡಿಗಳನ್ನು ಪ್ಯಾರಿಸಿನ ತನ್ನ ಮನೆಯ ತೋಟದಲ್ಲಿ ನೆಟ್ಟನು.

ಈ ಪ್ರವಾಸಗಳಿಂದ ಅವನು ಕಲಿತ ವ್ಯವಹಾರದ ನಿಯಮವೊಂದುಂಟು. ವರ್ತಕರ ಉಗ್ರಾಣದಲ್ಲಿ ಒಂದು ತೋಟದ ರಸಕ್ಕೆ ಇನ್ನೊಂದು ಬೆರೆಯುವುದು ಸುಲಭವಾದುದರಿಂದ, ತೋಟದ ಒಡೆಯನಿಂದಲೇ ಕೊಳ್ಳಬೇಕು, ಸೀಸೆಗಳನ್ನು ಅಲ್ಲಿಯೇ ತುಂಬಿಸಬೇಕು ಎಂಬುದೇ ಆ ನಿಯಮ. ೧೭೯೦ರಲ್ಲಿ ಅಮೆರಿಕಾದಲ್ಲಿ ವಿದೇಶಾಂಗ ಸಚಿವನಾಗಿದ್ದಾಗ ಅಧ್ಯಕ್ಷ ವಾಷಿಂಗ್ಟನ್ನನಿಗೂ ತನಗೂ ಒಟ್ಟಿಗೆ ದ್ರಾಕ್ಷಾರಸವನ್ನು ತರಿಸಿದನು. ಸೊತೆರ್ನ್ ಪ್ರಾಂತದ ಸಿಹಿಯ ರಸದಲ್ಲಿ ಅಧ್ಯಕ್ಷನಿಗೆ ೩೦ ಡಜನ್, ತನಗೆ ೧೦ ಡಜನ್ ಎಂದು ಬರೆದು, ಪೆಟ್ಟಿಗೆಗಳ ಮೇಲೆ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಬೇರೆಬೇರೆಯಾಗಿ ಗುರುತು ಮಾಡಬೇಕೆಂದು ತಿಳಿಸಿದನು. ಈ ಸಣ್ಣ ಸೂಚನೆಯು ಇಪ್ಪತ್ತನೆಯ ಶತಮಾನದಲ್ಲಿ ವಿಚಿತ್ರವಾದ ಒಂದು ಪ್ರಕರಣಕ್ಕೆ ಬಲವನ್ನು ಕೊಟ್ಟಿತು. ೧೭೮೭ರ ಲಾಫಿತ್ ಎಂದೂ ಜೆಫರ್‌ಸನ್ನನ ಹೆಸರಿನ ಅಕ್ಷರಗಳೆಂದೂ ಕೊರೆದಿದ್ದ ಸೀಸೆಯೊಂದು ೧೯೮೫ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ೧,೦೫,೦೦೦ ಪೌಂಡುಗಳಿಗೆ ಮಾರಾಟವಾಯಿತು. ಆದರೆ ಅಂತಹ ಸೀಸೆಗಳಿಗೆ ಅವನ ಲೆಕ್ಕಪತ್ರಗಳಲ್ಲಿ ಆಧಾರವು ಕಾಣುವುದಿಲ್ಲವೆಂದು ಮಾಂಟಿಚೆಲ್ಲೊವಿನ ಸಂಶೋಧಕರು ತೋರಿಸಿದರು. ಅದೇ ಮೂಲದಿಂದ ಬಂದ ಬೇರೆ ಸೀಸೆಗಳನ್ನು ಪರೀಕ್ಷಿಸಿದ ತಜ್ಞರು, ಅವುಗಳ ಅಕ್ಷರಗಳು ಆಧುನಿಕ ಯಂತ್ರದಿಂದ ಕೊರೆದುವೆಂದು ಅಭಿಪ್ರಾಯಪಟ್ಟರು. ಕೂಟಶಾಸನಗಳನ್ನು ಕಂಡಿರುವ ಇತಿಹಾಸಕಾರರಿಗೆ ಈ ಕಥೆಯ ನೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

೫

ಫ್ರಾನ್ಸಿನಿಂದ ಹಿಂದಿರುಗಿದವನಿಗೆ ತನ್ನ ನೆಲದಲ್ಲಿಯೇ ಆ ರಸವನ್ನು ಹುಟ್ಟಿಸಬೇಕೆಂಬ ಆಸೆಯು ಬಿಡಲಿಲ್ಲ. ೧೮೦೭ರಲ್ಲಿ, ಇನ್ನೂ ಅಧ್ಯಕ್ಷನಾಗಿದ್ದಾಗಲೇ, ಮಾಂಟಿಚೆಲ್ಲೊವಿನ ದಕ್ಷಿಣದ ಇಳಿಜಾರಿನಲ್ಲಿ ಯೂರೋಪಿನ ೨೪ ಜಾತಿಗಳ ೨೮೭ ಬಳ್ಳಿಗಳನ್ನು ನೆಡಿಸಿದನು. ಅವುಗಳಲ್ಲಿ ಹೆಚ್ಚಿನವು ಬಹುಬೇಗ ಒಣಗಿದುವು. ಆ ತೋಟದ ಹಣ್ಣಿನಿಂದ ಅವನು ಒಳ್ಳೆಯ ದ್ರಾಕ್ಷಾರಸವನ್ನು ಮಾಡಿದನೆಂಬುದಕ್ಕೆ ದಾಖಲೆಯಿಲ್ಲ.

ಅದರ ಕಾರಣವು ಅವನ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಪೂರ್ವ ಅಮೆರಿಕಾದ ಮಣ್ಣಿನಲ್ಲಿ ಫಿಲಾಕ್ಸೆರಾ ಎಂಬ ಅತಿ ಸೂಕ್ಷ್ಮವಾದ ಕೀಟವೊಂದಿದೆ; ಅದು ಬೇರನ್ನು ಹಿಡಿದು ಬಳ್ಳಿಯನ್ನು ಕೊಲ್ಲುತ್ತದೆ. ಜೊತೆಗೆ ಅಲ್ಲಿನ ತೇವದ ಬೇಸಗೆಯಲ್ಲಿ ಹಬ್ಬುವ ಬೂಷ್ಟಿನ ರೋಗಗಳೂ ಉಂಟು. ಅಮೆರಿಕಾದ ಕಾಡುದ್ರಾಕ್ಷಿಯು ಇವುಗಳೊಡನೆಯೇ ಬೆಳೆದು ತಾಳಿಕೊಂಡಿತು. ಯೂರೋಪಿನ ಬಳ್ಳಿಗೆ ಆ ಶಕ್ತಿಯಿಲ್ಲ. ೧೮೬೦ರ ದಶಕದಲ್ಲಿ ಇದೇ ಕೀಟವು ಸಾಗರವನ್ನು ದಾಟಿ ಫ್ರಾನ್ಸಿನ ತೋಟಗಳನ್ನು ಹಾಳುಮಾಡತೊಡಗಿದಾಗ, ೧೮೬೮ರಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನು ಬೇರಿನಲ್ಲಿ ಕಂಡುಹಿಡಿದರು. ಕೊನೆಗೆ ಅಮೆರಿಕಾದ ಬೇರಿಗೆ ಯೂರೋಪಿನ ಕಡ್ಡಿಯನ್ನು ಕಸಿಮಾಡುವುದೇ ಪರಿಹಾರವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಂಟಿಚೆಲ್ಲೊವಿನ ತೋಟವನ್ನು ೧೮೦೭ರ ನಕ್ಷೆಯಂತೆ ಮತ್ತೆ ಬೆಳೆಸಿದುದೂ ಇಂತಹ ಕಸಿಬಳ್ಳಿಗಳಿಂದಲೇ.

ಆದರೂ ಅವನ ಅನುಭವವು ಅವನನ್ನು ಸರಿಯಾದ ದಾರಿಗೆ ತಂದಿದ್ದಿತು. ೧೮೦೯ರಲ್ಲಿ ಜಾನ್ ಆಡ್ಲಂ ಎಂಬವನು ಅಮೆರಿಕಾದ ದ್ರಾಕ್ಷಿಯಿಂದ ಮಾಡಿದ ರಸವನ್ನು ಸವಿದು, ಅತಿಥಿಗಳ ಮುಂದೆ ಅದನ್ನು ಶಾಂಬರ್ತಾಂನೊಡನೆ ಹೋಲಿಸಿ ನೋಡಿ ಮೆಚ್ಚಿದನು. ಪರದೇಶದ ಬಳ್ಳಿಗಳಿಗಾಗಿ ಕಾಲವನ್ನು ಕಳೆಯದೆ ದೇಶದ ದ್ರಾಕ್ಷಿಯನ್ನೇ ಬೆಳೆಸಬೇಕೆಂದು ಬರೆದನು. ಆ ಅಮೆರಿಕಾದ ಕುಲದ್ದೇ ಒಂದು ಸಂಕರಜಾತಿಯು ಬೆಂಗಳೂರಿನ ಸುತ್ತಣ ತೋಟಗಳಲ್ಲಿ 'ಬೆಂಗಳೂರು ನೀಲಿ'ಯೆಂಬ ಹೆಸರಿನಿ೦ದ ಬೆಳೆಯುತ್ತಿರುವುದನ್ನು ಇಲ್ಲಿ ನೆನೆಯಬಹುದು.

ಮುಪ್ಪಿನಲ್ಲಿ ಅವನ ಆಸಕ್ತಿಯು ಕಡಮೆಯಾಗಲಿಲ್ಲ. ಬೆಲೆಯು ಮಾತ್ರ ಇಳಿಯಿತು. ಬೋರ್ಡೋ, ಬರ್ಗಂಡಿಗಳ ದೊಡ್ಡ ಹೆಸರುಗಳ ಬದಲು ಲೆದೆನೋಂ, ಲಿಮೂ, ನೀಸ್ ಬಳಿಯ ಬೆಲ್ಲೆ ಮೊದಲಾದ ದಕ್ಷಿಣದ ಅಗ್ಗದ ರಸಗಳನ್ನು ಅವನು ಹುಡುಕಿ ತರಿಸಿದನು. ದ್ರಾಕ್ಷಾರಸದ ಮೇಲಣ ಸುಂಕವನ್ನು ಇಳಿಸಬೇಕೆಂದೂ, ಅದು ಅಗ್ಗವಾದರೆ ಜನರು ವಿಸ್ಕಿಯ ಕುಡಿತದಿಂದ ಬಿಡುಗಡೆ ಹೊಂದುವರೆಂದೂ ವಾದಿಸಿದನು. ಈ ವಾದದ ತಥ್ಯವೇನೇ ಇರಲಿ, ಅವನ ಸ್ವಂತ ಪಾನವು ಮಿತವಾಗಿದ್ದಿತು. ಊಟವಾದ ಮೇಲೆ ಮೂರು ನಾಲ್ಕು ಸಣ್ಣ ಬಟ್ಟಲುಗಳು, ಕಡುಮದ್ಯವು ಎಂದಿಗೂ ಇಲ್ಲ.

೬

ಇಷ್ಟರಲ್ಲಿಯೇ ಪ್ರಬಂಧವನ್ನು ಮುಗಿಸಿದರೆ ಜೆಫರ್‌ಸನ್ನನ ಚಿತ್ರವು ಅಂದವಾಗಿರುವುದು; ಪೂರ್ಣವಾಗಿರಲಾರದು. ಮರ್ಸೋವಿನ ಆಳುಗಳು ತಿನ್ನುವ ರೊಟ್ಟಿಯನ್ನು ಕಂಡು ಕಾರಣವನ್ನು ಕೇಳಿದ ಕಣ್ಣು ಮಾಂಟಿಚೆಲ್ಲೊವಿನಲ್ಲಿ ಏನನ್ನು ಕಂಡಿತೆಂಬ ಪ್ರಶ್ನೆಯು ಉಳಿದೇ ಇರುತ್ತದೆ.

ಮಾಂಟಿಚೆಲ್ಲೊವಿನ ಭೋಜನಶಾಲೆಯಲ್ಲಿ ಅಗ್ಗಿಷ್ಟಿಕೆಯ ಎರಡು ಪಕ್ಕಗಳಲ್ಲಿಯೂ ಗೋಡೆಯೊಳಗೆ ಅಡಗಿಸಿದ ಏರಿಳಿಯುವ ಪೆಟ್ಟಿಗೆಗಳಿವೆ. ಕೆಳಗಿನ ನೆಲಮಾಳಿಗೆಯಲ್ಲಿ ಸೀಸೆಯನ್ನಿಟ್ಟು ಹಗ್ಗವನ್ನೆಳೆದರೆ ಅದು ಮೇಜಿನ ಬಳಿಗೆ ಬಂದು ನಿಲ್ಲುವುದು. ಅತಿಥಿಗಳು ಈ ಯುಕ್ತಿಯನ್ನು ಮೆಚ್ಚಿದರು. ಸೀಸೆಯನ್ನು ಇಟ್ಟವನು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅವನು ಗುಲಾಮನು. ಜೆಫರ್‌ಸನ್ನನು ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರಿಗೆ ಒಡೆಯನಾಗಿದ್ದನು. ಬಳ್ಳಿಗೆ ಪಾತಿ ತೋಡಿದವರೂ, ಮೇಜಿಗೆ ಬಡಿಸಿದವರೂ ಅವರೇ. ಅವರಲ್ಲಿ ಕೈಚಳಕವೂ ರುಚಿಯ ಅರಿವೂ ಇದ್ದುವೆಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಜೇಮ್ಸ್ ಹೆಮಿಂಗ್ಸ್ ಎಂಬವನನ್ನು ೧೭೮೪ರಲ್ಲಿ ತನ್ನೊಡನೆ ಪ್ಯಾರಿಸಿಗೆ ಕರೆದುಕೊಂಡುಹೋಗಿ ಫ್ರೆಂಚ್ ಪಾಕವನ್ನು ಕಲಿಸಿದನು. ಅವನು ಆ ವಿದ್ಯೆಯನ್ನು ತನ್ನ ತಮ್ಮನಿಗೆ ಕಲಿಸಿಕೊಟ್ಟ ಮೇಲೆ, ೧೭೯೬ರಲ್ಲಿ, ಬಿಡುಗಡೆ ದೊರೆಯಿತು. ಸೇಬಿನ ರಸದ ಪಾನೀಯವನ್ನು ಸೀಸೆಗಳಿಗೆ ತುಂಬಿಸುವ ನಾಜೂಕಿನ ಕೆಲಸಕ್ಕೆ ನಂಬಿಕೆ, ಕೌಶಲ ಎರಡೂ ಇರುವವಳು ಅರ್ಸುಲಾ ಗ್ರೇಂಜರ್ ಒಬ್ಬಳೇ ಎಂದು ಅವನೇ ಬರೆದಿರುವನು. ಅರ್ಸುಲಾ ಕೂಡ ಅವನ ಸ್ವತ್ತಾಗಿಯೇ ಇದ್ದಳು.

ಅವನು ೧೭೬೭ರಿಂದ ೧೮೨೬ರವರೆಗೆ ದಿನದಿನದ ಖರ್ಚನ್ನು ಲೆಕ್ಕದ ಪುಸ್ತಕಗಳಲ್ಲಿ ಬರೆದಿಟ್ಟನು. ಪೆಟ್ಟಿಗೆ ಪೆಟ್ಟಿಗೆ ದ್ರಾಕ್ಷಾರಸದ ಬೆಲೆ, ಸಾಗಾಣಿಕೆ, ಸುಂಕ ಎಲ್ಲವೂ ಅಲ್ಲಿವೆ. ಇಲ್ಲದಿರುವುದು ಒಂದೇ: ಒಟ್ಟು ಸಾಲವೆಷ್ಟೆಂಬ ಮೊತ್ತ. ಬಿಡಿಬಿಡಿಯಾಗಿ ಎಲ್ಲವನ್ನೂ ಬರೆದವನು ಕೂಡಿ ನೋಡುವುದನ್ನು ಮಾತ್ರ ಮುಂದಕ್ಕೆ ಹಾಕುತ್ತ ಬಂದನು. ಸಾಲಕ್ಕೆ ದ್ರಾಕ್ಷಾರಸವೊಂದೇ ಕಾರಣವೆನ್ನುವುದು ಅನ್ಯಾಯ. ಮಾವನ ಆಸ್ತಿಯೊಡನೆ ಬಂದ ಋಣ, ಮನೆಯ ಕಟ್ಟಡ, ಅತಿಥಿಗಳ ಸಂದಣಿ, ಸ್ನೇಹಿತನಿಗೆ ನಿಂತ ಜಾಮೀನು ಇವೆಲ್ಲವೂ ಸೇರಿದ್ದುವು. ೧೮೨೬ರ ಜುಲೈ ೪ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವಾರ್ಷಿಕ ದಿನ, ಅವನು ತೀರಿಕೊಂಡಾಗ ಸಾಲವು ಒಂದು ಲಕ್ಷ ಡಾಲರುಗಳನ್ನು ಮೀರಿದ್ದಿತು. ಮರಣಶಾಸನದಿಂದ ಬಿಡುಗಡೆ ಹೊಂದಿದವರು ಐದು ಮಂದಿ. ೧೮೨೭ರ ಜನವರಿಯಲ್ಲಿ ಮನೆಯ ಸಾಮಾನುಗಳೊಡನೆ ೧೩೦ ಮಂದಿ ಗುಲಾಮರನ್ನು ಹರಾಜಿಗಿಡುವ ಪ್ರಕಟಣೆಯು ಹೊರಟಿತು. ತೋಟದ ಕೆಲಸದಲ್ಲಿ ಮುಖ್ಯನಾಗಿದ್ದು ಒಡೆಯನ ಸಮಾಧಿಯನ್ನೂ ಅಗೆದ ವರ್ಮ್ಲಿ ಹ್ಯೂಸ್ ಎಂಬವನಿಗೆ ಕುಟುಂಬದವರು ಬಿಡುಗಡೆ ಕೊಟ್ಟರು. ಅವನ ಹೆಂಡತಿಯೂ ಮಕ್ಕಳೂ ಆ ಹರಾಜಿನಲ್ಲಿ ಮಾರಾಟವಾದರು.

ಹೀಗಿರುವಾಗ ಜೆಫರ್‌ಸನ್ನನ ರಸಜ್ಞತೆಯನ್ನು ಬರಿಯ ಭೋಗವೆಂದು ತಳ್ಳಿಹಾಕುವುದೂ ಸರಿಯಲ್ಲ, ಅದನ್ನು ಶುದ್ಧ ಜ್ಞಾನವೆಂದು ಪೂಜಿಸುವುದೂ ಸರಿಯಲ್ಲ. ಅವನ ಟಿಪ್ಪಣಿಗಳು ಇಂದಿಗೂ ಪ್ರಮಾಣಗಳಾಗಿವೆ. ಕ್ರಾಂತಿಗೆ ಮುಂಚಿನ ಫ್ರಾನ್ಸಿನ ಹಳ್ಳಿಗಳ ಬೆಲೆ, ಊಟ, ಉತ್ಪತ್ತಿ ಇವುಗಳನ್ನು ತಿಳಿಯಲು ಇತಿಹಾಸಕಾರರು ಅವನ್ನು ಆಶ್ರಯಿಸುತ್ತಾರೆ. ರುಚಿಯ ಹಿಂದೆ ನೆಲವಿದೆ, ನೆಲದ ಹಿಂದೆ ದುಡಿಯುವವನಿದ್ದಾನೆ ಎಂಬುದನ್ನು ಮೇಜಿನ ಮುಂದೆ ಕುಳಿತ ಬೇರೆ ಯಾವ ಅತಿಥಿಗಿಂತಲೂ ಸ್ಪಷ್ಟವಾಗಿ ಅವನು ಕಂಡನು. ಕಂಡುದನ್ನು ಪರದೇಶದಲ್ಲಿ ಬರೆದನು. ತನ್ನ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಲಿಲ್ಲ. ೧೭೮೭ರ ಮಾರ್ಚಿನಲ್ಲಿ ಬರೆದ ರೊಟ್ಟಿಯ ಟಿಪ್ಪಣಿ, ೧೮೨೭ರ ಜನವರಿಯ ಹರಾಜಿನ ಪ್ರಕಟಣೆ ಇವೆರಡರ ನಡುವೆ ಇರುವುದು ನಲವತ್ತು ವರ್ಷಗಳು. ಅವನ ದ್ರಾಕ್ಷಾರಸದ ಚರಿತ್ರೆಯನ್ನು ಬರೆಯುವವರು ಈ ಎರಡು ಕಾಗದಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕಾಗುತ್ತದೆ.